ಹತ್ತು ನಿಮಿಷದ ಬಯಲಾಟ

ನಮ್ಮ ಮೇಳದಾಗ ಒಂದು ಆಟ ನೆಟ್ಟಗ ಶುರುವಾಗಿ ನೆಟ್ಟಗ ಮುಗಿದದ್ದನ್ನ ನಾನಂತೂ ಕಂಡಿಲ್ಲ. ನಡುವ ಏನರ ಒಂದು ಆಗೇ ಆಗತೈತಿ. ಒಮ್ಮೆ ರಾಜನ ಕಿರೀಟ ಕಳಚಿ ಮದ್ದಳಿ ಮ್ಯಾಲ ಬಿತ್ತು. ಇನ್ನೊಮ್ಮೆ ಸಾಯಬೇಕಾದ ರಾಕ್ಷಸ ಸತ್ತಂಗ ಮಲಗಿ ಖರೇನ ನಿದ್ದಿ ಹೋದ, ಗೊರಕಿ ಊರಿಗೆಲ್ಲ ಕೇಳಿಸ್ತು. ಇಂಟರ್‌ನೆಟ್ಟಿಗೆ ಹೋದ ಮ್ಯಾಲಾದ್ರೂ ಸುಧಾರಿಸ್ತೀವಿ ಅಂದ್ಕೊಂಡಿದ್ದೆ. ಎಲ್ಲೀದು!

ನಾನು ಬಳ್ಳಾರಿಯಾಗ ಜೀನ್ಸ್ ಪ್ಯಾಂಟ್ ಹೊಲಿಯಾವ. ಊರು ಕುರುಗೋಡು. ವಾರವೆಲ್ಲ ಪ್ಯಾಂಟು, ರವಿವಾರ ಬಯಲಾಟದ ತಾಲೀಮು. ಮೇಳದಾಗ ರಾಣಿ ಪಾತ್ರ ನಂದು. ರಾಕ್ಷಸನ ಪಾತ್ರದಾವ ಕಲ್ಲಿನ ಕ್ರಷರಿನಾಗ ದುಡೀತಾನ. ಸಾರಥಿ ಮುಸಲ್ಮಾನರಾವ, ಲಾರಿ ಸೀಟಿಗೆ ರೆಕ್ಸಿನ್ ಹೊಲಿಯೋ ಕಸುಬು, ಅವನಂಥ ಬಾಯಿ ಜಿಲ್ಲಾದಾಗ ಇನ್ನೊಂದಿಲ್ಲ. ನಮಗೆಲ್ಲ ಕಲಿಸಿದವರು ಮಾಸ್ತರು. ಎಪ್ಪತ್ತು ದಾಟಿದ ಜೀವ. ಹಿಂದ ನಿಂತು ತಾಳ ಹಿಡಿದು ಹಾಡೋದು ಅವರ ಕೆಲಸ.

ಬಯಲಾಟದಾಗ ಒಂದು ಪದ್ಧತಿ ಐತಿ. ರಂಗಸ್ಥಳಕ್ಕ ಯಾವ ಪಾತ್ರ ಬಂದ್ರೂ ಸಾರಥಿ ತಡದು ಕೇಳಬೇಕು: "ಭಳಿರೇ! ಈ ರಂಗಸ್ಥಳಕ್ಕೆ ಬಂದಂಥವರು ಧಾರು? ತಮ್ಮ ಸ್ಥಳ ಯಾವುದು? ನಾಮಾಂಕಿತವೇನು? ಬಂದ ಕಾರಣವೇನು?" ಬಂದಾವ ತನ್ನ ಊರು, ಕುಲ, ಪರಾಕ್ರಮ ಎಲ್ಲಾ ಎದಿ ಉಬ್ಬಿಸಿ ಹೇಳಬೇಕು. ಕೇಳಿಸ್ಕೊಳ್ಳದ ಯಾರೂ ಒಳಗ ಬರಂಗಿಲ್ಲ, ಕೇಳಿದ ಮ್ಯಾಲ ಹೇಳದ ಯಾರೂ ಹೊರಗ ಹೋಗಂಗಿಲ್ಲ. ಇದು ಮಾಸ್ತರ ಕಾಯಿದೆ. ಇದನ್ನ ನೆನಪಿಡ್ರಿ, ಮುಂದ ಇದರಿಂದನ ನಮ್ಮ ಮಾನ ಹೋತು, ಇದರಿಂದನ ಉಳೀತು.

ಗಣಿ ಜೋರಿದ್ದ ಕಾಲ ಅದು. ನಾವು ಆಟ ಆಡೋ ಬಯಲಿನಾಗ ಲಾರಿ ನಿಂತ್ವು, ಆಟ ನೋಡಾವ್ರು ಲಾರಿ ಏರಿದ್ರು. ಹಬ್ಬಕ್ಕ ಆರ್ಕೆಸ್ಟ್ರಾ ತರಸಾವ್ರು ಹೆಚ್ಚಾದ್ರು. ಒಂದು ಊರಿನ ಹಿರೇರು ಎಲಿ ಅಡಿಕಿ ಕಾಯಿ ಇಟ್ಟು "ನಮ್ಮೂರಾಗ ಆಟ ಆಡ್ರಿ" ಅಂತ ಕರಿಯೋದಕ್ಕ ವೀಳ್ಯ ಅಂತೀವಿ. ನಮಗ ವೀಳ್ಯ ಬಂದು ಭಾಳ ದಿನ ಆಗಿತ್ತು. ಒಂದಿನ ಮಾಸ್ತರು ತಾಳ ಒರಸ್ತಾ ಅಂದ್ರು: "ಈ ಯುಗಾದಿ ತನಕ ನೋಡ್ತೀನಿ. ಒಂದೂ ವೀಳ್ಯ ಬರಲಿಲ್ಲಂದ್ರ ಈ ತಾಳ ಬಸವಣ್ಣನ ಗುಡಿಗೆ ಒಪ್ಪಿಸಿ ಬರ್ತೀನಿ. ಮೇಳ ಮುಗೀತು ಅಂತ ತಿಳೀರಿ."

ನನಗ ಅವತ್ತು ಹೊಲಿಗಿ ಹಾಕಾಕ ಆಗಲಿಲ್ಲ. ಪ್ಯಾಂಟಿನ ಜೇಬು ಹೊರಗ ಹೊಲಿದುಬಿಟ್ಟೆ.

ಬಸ್ಸಿನಾಗಿನ ಆಟ

ಉಪಾಯ ಹೇಳಿದಾವ ನಾನು ಜೀನ್ಸ್ ಹೊಲಿಯೋ ಯೂನಿಟ್ಟಿನ ಪಕ್ಕದ ಸೈಬರ್ ಅಂಗಡಿ ಮಾಲಕ. "ಮಂದಿ ನಿಮ್ಮ ಹತ್ರ ಬರಲಿಲ್ಲಂದ್ರ ನೀವೇ ಮಂದಿ ಹತ್ರ ಹೋಗ್ರಿ. ವಿಡಿಯೋ ಮಾಡಿ ಇಂಟರ್‌ನೆಟ್ಟಿಗೆ ಹಾಕ್ರಿ. ದುಬೈದಾಗ ಕುಂತಾವ ಸೈತ ನೋಡ್ತಾನ" ಅಂದ. ಪುಣ್ಯಾತ್ಮ, ಅವನ ಹೊಟ್ಟಿ ತಣ್ಣಗಿರಲಿ. ರವಿವಾರ ಸಂಜಿ ಒಂದು ಕಂಪ್ಯೂಟರ್ ನಮಗ ಅಂತ ಬಿಟ್ಟುಕೊಟ್ಟ.

ಕ್ಯಾಮೆರಾ ಮದುವಿ ಫೋಟೋ ತೆಗಿಯಾವನ ಹತ್ರ ಸಿಕ್ತು, ಅವ ಬಿಟ್ಟ ಹಳೇದು. ಅದರ ಬ್ಯಾಟರಿ ಮುಚ್ಚಳ ಹೋಗಿತ್ತು, ಪ್ಯಾಂಟಿನ ಇಲಾಸ್ಟಿಕ್ ಬಿಗದೆ. ಅದಿರಿನ ಕೆಂಪು ಧೂಳು ಒಳಗ ಹೋಗಬಾರದಂತ ಜೀನ್ಸ್ ತುಂಡಿನಾಗ ಅದಕ್ಕೊಂದು ಅಂಗಿ ಹೊಲಿದೆ, ಎರಡು ಜೇಬು ಸೈತ ಇಟ್ಟೆ. ಬೆಳಕಿಗೆ ಮದುವಿ ಮನ್ಯಾಗಿನ ಸ್ಟೀಲಿನ ಪರಾತ, ಅಗಲ ತಾಟು. ಅದನ್ನ ಬಿಸಿಲಿಗೆ ಹಿಡಿದ್ರ ಮಾರಿ ಫಳಫಳ ಅಂತಿತ್ತು. ಕ್ಯಾಮೆರಾ ನಿಲ್ಲಿಸಾಕ ಸ್ಟ್ಯಾಂಡ್ ಇರಲಿಲ್ಲ, ಮನ್ಯಾಗಿನ ಹಳೇ ಹೊಲಿಗಿ ಮಷಿನ್ನಿನ ಕಬ್ಬಿಣದ ಕಾಲು ತಂದ್ವಿ. ಕೆಳಗ ಪೆಡಲ್ ಇತ್ತು. ಇರಲಿ ಬಿಡು ಅಂದ್ವಿ.

ನಾನು ರಾಣಿ, ಹಂಗಾಗಿ ಕ್ಯಾಮೆರಾ ಹಿಂದ ನನ್ನ ಹೆಂಡ್ತಿ ಕುಂತ್ಲು. ಆಕಿನೂ ಹೊಲಿಗಿಯಾಕಿನ. ಮೊದಲನೇ ರವಿವಾರ ಮಾಸ್ತರು ಹಾಡಿದ್ರು, ಸಾರಥಿ ಕುಣಿದ, ನಾವೆಲ್ಲ ಬೆವರು ಸುರಿಸಿ ಆಡಿದ್ವಿ. ಸಂಜಿಗೆ ಕಂಪ್ಯೂಟರಿಗೆ ಹಾಕಿ ನೋಡ್ತೀವಿ, ಭೂಮಿ ನಡಗಾಕತೈತಿ! ರಾಕ್ಷಸ ಬಂದಾಗ ಆದ್ರ ಸರಿ, ಇದು ಗಣಪತಿ ಸ್ತುತಿಗೇ ನಡಗಾಕತೈತಿ. ಆಮ್ಯಾಲ ತಿಳೀತು, ನಮ್ಮಾಕಿ ಮಷಿನ್ ಮುಂದ ಕುಂತ ಕೂಡಲೇ ಕಾಲು ತಾನಾಗೇ ಪೆಡಲ್ ತುಳಿಯಾಕ ಶುರು ಮಾಡಿತ್ತು.

"ಏನವ್ವ ಇದು?" ಅಂತ ಮಾಸ್ತರು ಕೇಳಿದ್ರ, "ಸುಮ್ನ ಕುಂದರಾಕ ಬರಂಗಿಲ್ರಿ ನನಗ" ಅಂದ್ಲು.

ಹಂಗೇ ಹಾಕಿದ್ವಿ. ಎರಡು ದಿನಕ್ಕ ಮೊದಲನೇ ಕಮೆಂಟ್ ಬಂತು. ಓದಾಕ ಎಲ್ಲಾರೂ ಓಡಿ ಹೋದ್ವಿ. ಯಾರೋ ಬರೆದಿದ್ದ: "ಆಟ ಭಾಳ ಚಂದೈತಿ. ಆದ್ರ ಬಸ್ಸಿನಾಗ ಯಾಕ ಆಡ್ತೀರಿ?"

ರಾಜ ಎಲ್ಲಿ?

ಆಗ ನಾವು ವಿಡಿಯೋ ಹಾಕೋ ಸೈಟಿನಾಗ ಹತ್ತು ನಿಮಿಷದ ಮ್ಯಾಲ ಹಿಡೀತಿರಲಿಲ್ಲ. ಈ ಮಾತು ಮಾಸ್ತರಿಗೆ ಹೇಳಾಕ ಯಾರಿಗೂ ಧೈರ್ಯ ಇಲ್ಲ. ಸೈಬರ್ ಮಾಲಕನ ಹೇಳಿದ. ಮಾಸ್ತರು ಅವನ್ನ ಮ್ಯಾಲಿಂದ ಕೆಳಗ ನೋಡಿ, "ಹತ್ತು ನಿಮಿಷದಾಗ ನಮ್ಮ ರಾಜ ಮೀಸಿ ತಿರುವ್ತಾನ ಅಷ್ಟ" ಅಂದ್ರು.

"ಸ್ವಲ್ಪ ಕತ್ತರಿಸ್ರಿ ಮಾಸ್ತರ" ಅಂದೆ ನಾನು.

"ನಿನ್ನ ಪ್ಯಾಂಟಲ್ಲಪ್ಪ ಇದು, ಕತ್ತರಿಸಾಕ."

ಸೊಲ್ಲು ಬಿಡಂಗಿಲ್ಲ, ಹೆಜ್ಜಿ ಬಿಡಂಗಿಲ್ಲ, ಸಾರಥಿ ಕೇಳಿದ್ದನ್ನ ಬಿಡಂಗಿಲ್ಲ. ಸರಿ, ವಾರಕ್ಕ ಹತ್ತು ನಿಮಿಷದಂಗ ಆಟ ಹಾಕ್ಕೋತ ಹೋದ್ವಿ. ಮೊದಲನೇ ವಾರ ಗಣಪತಿ ಸ್ತುತಿ. ಎರಡನೇ ವಾರ ಗಣಪತಿ ಸ್ತುತಿ ಉಳಿದದ್ದು. ಆಮ್ಯಾಲ ಶಾರದಾ ಸ್ತುತಿ, ಆಮ್ಯಾಲ ಗುರುಸ್ತುತಿ. ಪಾಪ ನಮ್ಮ ರಾಕ್ಷಸ ಪ್ರತಿ ವಾರ ಕ್ರಷರಿನಿಂದ ರಜಾ ಹಾಕಿ ಬಂದು, ಮಾರಿಗೆ ಬಣ್ಣ ಬಳಕೊಂಡು, ಕೋರಿ ಮೀಸಿ ಕಟ್ಟಿ, ಕಲ್ಲಿನ ಮ್ಯಾಲ ಕುಂತು, ಸಂಜಿಗೆ ಬಣ್ಣ ತೊಳಕೊಂಡು ಹೋಗಾವ. "ನನ್ನ ಪಾಳಿ ಬರೋದ್ರೊಳಗ ನಾನೇ ಸಾಯ್ತೀನಿ, ನೀವೇನು ಕೊಲ್ಲೋದು ಬ್ಯಾಡ" ಅಂದ ಒಂದಿನ.

ನೋಡಾವ್ರ ಎಣಿಕಿ ಮಾತ್ರ ಏರಾಕತ್ತಿತ್ತು. ಮಾಸ್ತರು ಖುಷಿ ಆದ್ರು. "ಮಂದಿ ಬರಾಕತ್ತಾರಲೇ!" ಅಂದ್ರು. ಸೈಬರ್ ಮಾಲಕ ನನ್ನ ಬದಿಗೆ ಕರದು ಕಿವಿಯಾಗ ಹೇಳಿದ: "ಎಲ್ಲಾ ನಿಮ್ಮ ಮೇಳದಾವ್ರ. ಒಬ್ಬೊಬ್ಬರು ಬಂದು ನನ್ನ ಕಂಪ್ಯೂಟರಿನಾಗ ತಮ್ಮನ್ನ ತಾವ ನೋಡಿ ಹೋಗ್ತಾರ." ಮಾಸ್ತರಿಗೆ ಹೇಳಬ್ಯಾಡ ಅಂದೆ. ಯಾಕಂದ್ರ ಅದರಾಗ ಹೆಚ್ಚಿನವು ನನ್ನವು.

ಹೊರಗಿನಾವ ಒಬ್ಬ ಮಾತ್ರ ಇದ್ದ, ಖಾಯಂ ಗಿರಾಕಿ. ಸೌದಿಯಾಗ ಕ್ರೇನ್ ನಡಸಾವ, ಊರು ಸಿರುಗುಪ್ಪ ಅಂತ ಬರೆದಿದ್ದ. ಐದನೇ ವಾರ ಕೇಳಿದ: "ಅಣ್ಣಾರ, ನಾನು ರಜಾದ ಮ್ಯಾಲ ಊರಿಗೆ ಬರಾವ ಅದೀನಿ. ಬರೋದ್ರೊಳಗ ರಾಜ ಬರ್ತಾನೇನು?"

ಅಪ್ಪ ವಾರವಾರ ಸತ್ತದ್ದು

ಮೊದಲೆಲ್ಲ ವರ್ಷಕ್ಕ ಒಂದೋ ಎರಡೋ ಆಟ. ಆವಾಗಷ್ಟ ರಾಣಿಗೆ ಅಂತ ಮೀಸಿ ಬೋಳಸ್ತಿದ್ದೆ. ಈಗ ಪ್ರತಿ ರವಿವಾರ ವಿಡಿಯೋ, ಪ್ರತಿ ರವಿವಾರ ಬೋಳು. ಸೋಮವಾರ ಬಳ್ಳಾರಿಗೆ ಹೊಂಟ್ರ ಬಸ್ಸಿನಾಗ ಗುರ್ತಿನವ ಒಬ್ಬ ಎದ್ದು ನಿಂತು ನನಗ ಸೀಟು ಬಿಟ್ಟ. ನಮ್ಮ ಕಡೆ ಮೀಸಿ ಬೋಳಿಸಿದ್ರ ತಂದಿ ತೀರ್ಕೊಂಡಾರಂತ ಅರ್ಥ ಅಲ್ಲೇನ್ರಿ.

"ಯಾವಾಗ ಆತಪ್ಪ ಇದು? ಮೊನ್ನಿ ಸಂತ್ಯಾಗ ನೋಡಿದ್ದೆನಲ್ಲೋ ಗಟ್ಟಿಮುಟ್ಟಾಗಿ!" ಅಂತ ಕಣ್ಣು ಒರಸ್ಕೊಂಡ.

"ಏನೂ ಆಗಿಲ್ಲ, ನಾನು ರಾಣಿ ಅದೀನಿ" ಅಂದೆ. ಅವ ನನ್ನ ಬೆನ್ನು ಸವರಿ, "ದುಃಖದಾಗ ಹಂಗ ಆಗತೈತಿ ತಮ್ಮಾ, ತಡಕೋ" ಅಂದ.

ಯೂನಿಟ್ಟಿನ ಮಾಲಕರು ಹನ್ನೊಂದನೇ ದಿನದ ಕಾರ್ಯಕ್ಕ ರಜಾ ಕೊಟ್ರು. ಬ್ಯಾಡ ಅಂದ್ರೂ ಕೇಳಲಿಲ್ಲ. ಮುಂದಿನ ವಾರ ಮೀಸಿ ಸ್ವಲ್ಪ ಬಂದಿತ್ತು, ಮತ್ತ ಬೋಳಿಸಿದೆ. ಮತ್ತ ಯಾರೋ ಬಾಳಿಹಣ್ಣು ತಗೊಂಡು ಮನಿಗೆ ಮಾತಾಡಸಾಕ ಬಂದ್ರು. ಬಾಗಿಲು ತಗದಾವ ನಮ್ಮಪ್ಪ. ಬಂದಾವರ ಮಾರಿ ಬೆಳ್ಳಗಾತು. ಅಪ್ಪ ಬಾಳಿಹಣ್ಣು ಇಸ್ಕೊಂಡು, ಒಂದು ಸುಲಿದು ತಿನ್ನುತ್ತ ಒಳಗ ಬಂದು ನನಗ ಅಂದ: "ಲೇ, ನಿನ್ನ ವಿಡಿಯೋ ಸಲುವಾಗಿ ನಾನು ವಾರವಾರ ಸಾಯಾಕತ್ತೀನಿ. ಮುಂದಿನ ವಾರ ಮಾವಿನಹಣ್ಣು ತರಾಕ ಹೇಳು."

ರೇಡಿಯೇಟರಿಗೆ ನೀರು

ಕುರುಗೋಡಿನಾಗ ಕ್ರಷರಿನ ಸಪ್ಪಳ ಜಾಸ್ತಿ ಅಂತ ಕೊಳಗಲ್ಲಿನ ಹತ್ರ ರಸ್ತಿ ಬಾಜೂಕ ಒಂದು ಬೇವಿನ ಮರದ ಕೆಳಗ ಶೂಟಿಂಗ್ ಇಟ್ಕೊಂಡ್ವಿ. ಅಲ್ಲಿ ಅದಿರಿನ ಲಾರಿ ಸಾಲು. ಒಂದು ಕೆಟ್ಟು ನಿಂತ್ರ ಹಿಂದಿನವೆಲ್ಲ ಅರ್ಧ ದಿನ ಅಲ್ಲೇ. ಧೂಳಂದ್ರ ಧೂಳು. ನಾನು ಪೌಡರ್ ಹಚ್ಚಿ ನಿಂತ್ರ ಒಂದು ಪದ್ಯ ಮುಗಿಯೋದ್ರೊಳಗ ಮಾರಿ ಮೆಣಸಿನಪುಡಿ ಬಣ್ಣ ಆಗತಿತ್ತು. ಸಿರುಗುಪ್ಪದ ಕ್ರೇನಿನಾವ "ರಾಣಿಗೆ ಇಷ್ಟು ಸಿಟ್ಟು ಯಾಕ?" ಅಂತ ಕೇಳಿದ್ದ.

ಅವತ್ತು ಕಡೀಗೂ ರಾಕ್ಷಸನ ಪಾಳಿ. ಅವ ಹೂಂಕರಿಸ್ಕೊಂಡು ಬರಬೇಕು, ಸಾರಥಿ ತಡೀಬೇಕು. ರಾಕ್ಷಸ ಇನ್ನೂ ಮರದ ಹಿಂದ ಗೆಜ್ಜಿ ಕಟ್ಕೊಳ್ಳಾಕತ್ತಿದ್ದ. ಅಷ್ಟರಾಗ ಸಾಲಿನಾಗ ನಿಂತ ಲಾರಿಯಿಂದ ಒಬ್ಬ ಡ್ರೈವರ್ ಇಳದು, ಖಾಲಿ ಕ್ಯಾನ್ ಹಿಡಕೊಂಡು ಸೀದಾ ನಮ್ಮ ರಂಗಸ್ಥಳದ ನಡುವ ಬಂದ. ಸಾರಥಿಯ ಬಾಯಿಗೆ ರೂಢಿ ನೋಡ್ರಿ. ಕಣ್ಣಿಗೆ ಯಾರು ಬಂದಾರಂತ ಕಾಣೋದ್ರೊಳಗ ಬಾಯಿ ಬಿಟ್ಟಿತ್ತು.

"ಭಳಿರೇ! ಈ ರಂಗಸ್ಥಳಕ್ಕೆ ಬಂದಂಥವರು ಧಾರು?"

ಮದ್ದಳಿಯಾವ ಧಿಂ ಅಂತ ಹೊಡದ. ಡ್ರೈವರ್ ಬೆಚ್ಚಿಬಿದ್ದ. ಆಮ್ಯಾಲ ಏನನ್ನಿಸ್ತೋ, ಕ್ಯಾನ್ ಕೆಳಗಿಟ್ಟು, ತಲಿಗೆ ಸುತ್ತಿದ್ದ ಟವೆಲ್ ಸರಿ ಮಾಡ್ಕೊಂಡ.

"ನೇನಾ? ನಾನು ಡ್ರೈವರ್ ಅಂಡಿ."

"ತಮ್ಮ ಸ್ಥಳ ಯಾವುದು?"

"ಆದೋನಿ ಪಕ್ಕನೇ."

"ತಮ್ಮ ಪರಾಕ್ರಮವೇನು?"

ಇದನ್ನ ಅವನ ಜನ್ಮದಾಗ ಯಾರೂ ಕೇಳಿರಲಿಲ್ಲ ಅಂತ ಕಾಣತೈತಿ. ಎದಿ ಉಬ್ಬಿಸಿದ. ಅರ್ಧ ತೆಲುಗು ಅರ್ಧ ಕನ್ನಡದಾಗ ಶುರು ಹಚ್ಚಿಕೊಂಡ. ಹತ್ತು ಗಾಲಿ ಲಾರಿ ನಡಸಾವ! ಘಾಟಿನಾಗ ಬ್ರೇಕ್ ಫೇಲ್ ಆದ್ರೂ ಲಾರಿನ ಗುಡ್ಡಕ್ಕ ಆನಿಸಿ ನಿಲ್ಲಿಸಿದಾವ! ಕ್ಲೀನರಿನ ಜೀವ ಉಳಿಸಿದಾವ! ಇಬ್ಬರು ಹೆಣ್ಮಕ್ಕಳ ಅಪ್ಪ! ಇಬ್ಬರೂ ಸಾಲಿಗೆ ಹೋಗ್ತಾರ! ಒಂದೊಂದು ಮಾತಿಗೂ ಮದ್ದಳಿ ಧಿಂ ಅಂತಿತ್ತು. ರಾಕ್ಷಸ ಒಂದ ಕಾಲಿಗೆ ಗೆಜ್ಜಿ ಕಟ್ಕೊಂಡು ಮರದ ಹಿಂದಿನಿಂದ ಇಣುಕಿ, "ನನಗಿಂತ ಉದ್ದ ಐತಲ್ಲೋ ಇವಂದು" ಅಂದ.

ಸಾರಥಿ ಬಿಡಲಿಲ್ಲ. "ಇಂಥಾ ಪರಾಕ್ರಮಿಗಳಾದ ತಾವು ಈ ರಂಗಸ್ಥಳಕ್ಕೆ ಬಂದ ಕಾರಣವೇನು?"

ಡ್ರೈವರ್ ಅದೇ ಗತ್ತಿನಾಗ ಕೈ ಮ್ಯಾಲೆತ್ತಿ ಘರ್ಜಿಸಿದ: "ರೇಡಿಯೇಟರಿಗೆ ಒಂದು ಕ್ಯಾನ್ ನೀರು!"

ಪರಾಕ್ರಮಿಗಳ ಸಾಲು

ಮಾಸ್ತರು ತಲಿ ಹಿಡಕೊಂಡು ಕುಂತ್ರು. "ರಂಗಸ್ಥಳಕ್ಕ ರೇಡಿಯೇಟರ್ ಬಂತಲ್ಲೋ ಶಿವನೇ!" ಅಂದ್ರು. ಅದನ್ನ ತಗದುಹಾಕೋಣ ಅಂದೆ. ಅದಕ್ಕೂ ಒಪ್ಪವಲ್ರು. ಸಾರಥಿ ಕೇಳಿದ, ಅವ ಹೇಳಿದ. ಅಂದ ಮ್ಯಾಲ ಅವ ಪಾತ್ರ ಆದ, ಕತ್ತರಿಸಂಗಿಲ್ಲ. ಕಾಯಿದೆ ಅಂದ್ರ ಕಾಯಿದೆ. ಇದ್ದಂಗ ಹಾಕಿದ್ವಿ.

ಮರುದಿನ ಸೈಬರ್ ಮಾಲಕ ನಮ್ಮ ಯೂನಿಟ್ಟಿಗೆ ಚಪ್ಪಲಿ ಇಲ್ಲದ ಓಡಿ ಬಂದ. "ಎಣಿಕಿ ಏರಾಕತೈತಿ, ಈ ಸಲ ನೀವಲ್ಲ!" ಅಂದ. ಹೋಗಿ ನೋಡಿದ್ರ ಕಮೆಂಟುಗಳ ರಾಶಿ. ಅದರಾಗ ಆದೋನಿಯಿಂದ ಆ ಡ್ರೈವರನ ಹೆಂಡ್ತಿ ಯಾರ ಕೈಲೋ ಬರೆಸಿದ್ಲು: ಮನುಷ್ಯ ಮನಿಗೆ ಬಂದಾಗ ಬಾಯಿ ಬಿಡಂಗಿಲ್ಲ, ಬ್ರೇಕ್ ಫೇಲ್ ಆದದ್ದು ನಿಮ್ಮ ಆಟದಿಂದನ ತಿಳೀತು, ದೇವರು ನಿಮ್ಮನ್ನ ಚಂದಾಗಿಡಲಿ ಅಂತ. ಅದನ್ನ ಓದಿ ಸಾರಥಿ ಕನ್ನಡಕ ತಗದು ಒರಸ್ಕೊಂಡ. ನಾವು ಮಾಡಿದ್ದೇನು, ಒಬ್ಬ ಮನುಷ್ಯನ್ನ ನಿಲ್ಲಿಸಿ ನೀನು ಯಾರಪ್ಪ ಅಂತ ಕೇಳಿದ್ದು, ಅಷ್ಟ.

ಮುಂದಿನ ರವಿವಾರ ಬೇವಿನ ಮರದ ಹತ್ರ ಹೋಗ್ತೀವಿ, ಲಾರಿ ಸಾಲಿನ ಜೋಡಿ ಇನ್ನೊಂದು ಸಾಲು! ಡ್ರೈವರುಗಳು ಮಾರಿ ತೊಳಕೊಂಡು, ತಲಿ ಬಾಚಿ, ತಮ್ಮ ಪರಾಕ್ರಮ ಬಾಯಿಪಾಠ ಮಾಡ್ಕೊಂಡು ನಿಂತಾರ. ರೂಪನಗುಡಿಯಿಂದ ಮೆಣಸಿನಕಾಯಿ ತರಾವ ಒಬ್ಬ ತನ್ನ ಎತ್ತುಗಳನ್ನೂ ಕೇಳ್ರಿ ಅಂದ. ಸಾರಥಿ ಎತ್ತಿಗೂ ಕೇಳಿದ. ಒಗ್ಗಾಣಿ ಮಿರ್ಚಿ ಮಾರಾಕಿ ತನ್ನ ಪಾಳಿ ಬಂದಾಗ, "ಪರಾಕ್ರಮ ನಾನ್ಯಾಕ ಹೇಳ್ಲಿ? ಒಂದು ಮಿರ್ಚಿ ತಿಂದು ನೀನ ಹೇಳು" ಅಂದ್ಲು. ಸಾರಥಿ ತಿಂದ. ಕಣ್ಣಾಗ ನೀರು ಬಂತು, ಮಾತು ಬರಲಿಲ್ಲ. ನಮ್ಮ ಸಾರಥಿಯ ಬಾಯಿ ಕಟ್ಟಿದ್ದು ಜಿಲ್ಲಾದಾಗ ಆಕಿ ಒಬ್ಬಾಕಿನ.

ಮಾಸ್ತರನ್ನ ಕೇಳಿದ್ದು

ಹಿಂಗ ನೋಡಾವ್ರು ಬೆಳೆದ್ರು. ಸೈಬರ್ ಅಂಗಡಿಯಾಗ ನಮ್ಮ ವಿಡಿಯೋ ಅಂದ್ರ ಕುರ್ಚಿ ಸಾಲ್ತಿರಲಿಲ್ಲ. ಆದ್ರ ವೀಳ್ಯ? ಒಂದೂ ಇಲ್ಲ. ಎಲ್ಲಾರಿಗೂ ಡ್ರೈವರ್ ಬೇಕು, ಮಿರ್ಚಿ ಬೇಕು, ಎತ್ತು ಬೇಕು. ರಾಜ ರಾಣಿ ಯಾರಿಗೂ ಬ್ಯಾಡ. ಶಿವರಾತ್ರಿ ಮುಗೀತು, ಯುಗಾದಿ ಹತ್ರ ಬಂತು. ಮಾಸ್ತರು ದಿನಾ ಸ್ವಲ್ಪ ಸ್ವಲ್ಪ ಮಾತು ಕಮ್ಮಿ ಮಾಡಿದ್ರು.

ಒಂದು ರವಿವಾರ ಶೂಟಿಂಗ್ ನಡುವ ತಾಳ ಬಟ್ಟಿಯಾಗ ಸುತ್ತಿದ್ರು. "ನೋಡಾವ್ರು ಊರು ತುಂಬ ಅದಾರ, ಕರಿಯಾವ್ರು ಒಬ್ಬರೂ ಇಲ್ಲ. ಯುಗಾದಿ ತನಕ ಇನ್ನೇನು ನೋಡೋದು, ನಾನು ಗುಡಿಗೆ ಹೊಂಟೆ. ನೀವು ಲಾರಿ ಆಟ ಆಡ್ಕೋರಿ" ಅಂದ್ರು. ಮಾಸ್ತರು ಗಂಟು ಬಗಲಾಗ ಇಟ್ಕೊಂಡು, ರಸ್ತಿಗೆ ಹೋಗಾಕ ಹಿಂದಿನಿಂದ ಎದ್ದು ರಂಗಸ್ಥಳದ ನಡುವಿಂದ ಹಾಯ್ದು ಹೊಂಟ್ರು.

"ಭಳಿರೇ!" ಅಂದ ಸಾರಥಿ.

ಮಾಸ್ತರು ನಿಂತ್ರು.

"ಈ ರಂಗಸ್ಥಳಕ್ಕೆ ಬಂದಂಥವರು ಧಾರು?"

ಅದು ರೂಢಿಲೆ ಬಂತೋ ಬೇಕಂತ ಕೇಳಿದ್ನೋ, ಇವತ್ತಿಗೂ ಅವ ಬಾಯಿ ಬಿಟ್ಟಿಲ್ಲ. ಮಾಸ್ತರು ಅವನ್ನ ಗುರ್ರಂತ ನೋಡಿದ್ರು. ಆದ್ರ ಏನು ಮಾಡ್ತಾರ? ಕೇಳಿದ ಮ್ಯಾಲ ಹೇಳದ ಯಾರೂ ಹೊರಗ ಹೋಗಂಗಿಲ್ಲ. ಕಾಯಿದೆ ಅವರದ. ಜೀವಮಾನವೆಲ್ಲ ನಮಗ ನಮ್ಮ ನಮ್ಮ ಹೆಸರು ಹೇಳಾಕ ಕಲಿಸಿದ ಮನುಷ್ಯನ್ನ, ನೀವು ಯಾರು ಅಂತ ರಂಗಸ್ಥಳದಾಗ ಯಾರೂ ಕೇಳಿರಲಿಲ್ಲ. ಹಿಂದ ನಿಂತಾವ್ರನ್ನ ಯಾರು ಕೇಳ್ತಾರ?

ಗಂಟು ಕೆಳಗಿಟ್ರು. ಧೋತರ ಸರಿ ಮಾಡ್ಕೊಂಡ್ರು. ಶುರು ಮಾಡಿದ್ರು ನೋಡ್ರಿ! ತಮ್ಮ ಗುರುವಿನ ಗುರುವಿನ ಗುರುವಿನಿಂದ ಹಿಡಿದ್ರು. ಅವ ಯಾವ ಊರಾಗ ಯಾವ ಪಾತ್ರ ಮಾಡಿದ, ಅವನ ಧ್ವನಿ ಎಷ್ಟು ಹೊಲ ದಾಟತಿತ್ತು, ಅವನಿಂದ ಯಾರು ಕಲಿತ್ರು, ಅವರು ನದಿ ಪೂರ ಬಂದಾಗ ತಲಿ ಮ್ಯಾಲ ಕಿರೀಟದ ಪೆಟ್ಟಿಗಿ ಹೊತ್ತು ಹೆಂಗ ದಾಟಿದ್ರು. ಹಾಡಿದ್ರು, ಕುಣಿದ್ರು. ಲಾರಿ ಡ್ರೈವರುಗಳು ಹಾರ್ನ್ ಹೊಡೆಯೋದು ಬಿಟ್ಟು ಇಳಿದು ಬಂದ್ರು. ನನ್ನ ಹೆಂಡ್ತಿ ಕಾಲು ಪೆಡಲಿನ ಮ್ಯಾಲ ನಿಂತುಬಿಟ್ಟಿತ್ತು. ಹೆಸರು ಬರೋದ್ರೊಳಗ ಲಾರಿ ಸಾಲು ಹೊಂಟಿತ್ತು, ಡ್ರೈವರುಗಳು ಓಡಿದ್ರು, ಕೇಳಿದಾವ್ರು ಮೇಳದಾವ್ರಷ್ಟ.

ಸಂಜಿಗೆ ಸೈಬರಿನಾಗ ಹಾಕಿದ್ವಿ. ಸೈಟು ಹತ್ತು ನಿಮಿಷಕ್ಕ ಕಚಕ್ ಅಂತ ಕತ್ತರಿಸ್ತು. ವಿಡಿಯೋ ಎಲ್ಲಿಗೆ ನಿಂತಿತ್ತು ಅಂದ್ರ: "ಅಂಥಾ ಗುರುವಿನ ಪಾದಸೇವಕನಾದ ಎನ್ನ ನಾಮಾಂಕಿತವೇನೆಂದರೆ..."

ಅಷ್ಟ. ಮುಂದ ಕರ‍್ರಗ.

ಹೆಸರು

ವಿಡಿಯೋದ ಕೆಳಗ ನನ್ನ ಫೋನ್ ನಂಬರ್ ಇತ್ತು. ಮರುದಿನದಿಂದ ನನಗ ಹೊಲಿಗಿ ಹಾಕಾಕ ಬಿಡಲಿಲ್ಲ. ಕುರುಗೋಡಿನಾಗ ಎಲ್ಲಾರಿಗೂ ಅವರು ಬರೇ ಮಾಸ್ತರು, ಹೊರಗಿನಾವ್ರಿಗೆ ಹೆಂಗ ಗೊತ್ತಾಗಬೇಕು? "ಹೆಸರೇನ್ರಿ ಅಜ್ಜಾರದು?" ಆದೋನಿಯಿಂದ ಫೋನು, ಸಿರುಗುಪ್ಪದಿಂದ ಫೋನು. ಸೌದಿಯ ಕ್ರೇನಿನಾವ, "ರಾಜ ಬರದಿದ್ರ ಬ್ಯಾಡ, ಹೆಸರು ಹೇಳ್ರಿ, ಇಲ್ಲಿ ರೂಮಿನಾಗ ನಾವ್ಯಾರೂ ನಿದ್ದಿ ಮಾಡಿಲ್ಲ" ಅಂದ.

ಮಾಸ್ತರನ್ನ ಕೇಳಿದೆ, "ಫೋನಿನಾಗ ಹೇಳಿಬಿಡಲೇನ್ರಿ? ಇಲ್ಲಾ ಉಳಿದ ವಿಡಿಯೋ ಹಾಕಲೇನ್ರಿ?"

"ಫೋನಿನಾಗ ಹೇಳಾಕ ಇದೇನು ಗ್ಯಾಸ್ ಸಿಲಿಂಡರ್ ಬುಕಿಂಗೇನಲೇ? ವಿಡಿಯೋನೂ ಬ್ಯಾಡ. ರಂಗಸ್ಥಳದಾಗ ಕೇಳಿದ್ದನ್ನ ರಂಗಸ್ಥಳದಾಗ ಹೇಳ್ತೀನಿ. ಬೇಕಾದಾವ್ರು ವೀಳ್ಯ ಕೊಟ್ಟು ಕರೀಲಿ." ಮೇಳದಾವ್ರಿಗೆಲ್ಲ ತಾಳ ಮುಟ್ಟಿಸಿ ಆಣಿ ಹಾಕಿಸಿದ್ರು, ಯಾರೂ ಬಾಯಿ ಬಿಡಂಗಿಲ್ಲ. ತಾಳ ಗುಡಿಗೆ ಹೋಗೋದು ಯುಗಾದಿ ತನಕ ನಿಂತಿತು.

ಯುಗಾದಿಗೆ ಇನ್ನೂ ಒಂದು ವಾರ ಇದ್ದಾಗ ದೇಶನೂರಿನ ಹಿರೇರು ಟ್ರ್ಯಾಕ್ಟರ್ ಮಾಡ್ಕೊಂಡು ಬಂದು ಇಳಿದ್ರು. ಎಲಿ, ಅಡಿಕಿ, ಕಾಯಿ, ಮ್ಯಾಲ ಒಂದು ಚೀಲ ಸೋನಾ ಮಸೂರಿ ಅಕ್ಕಿ. "ಆಟ ಪೂರ್ತಿ ಆಡ್ರಿ. ಒಂದು ಸೊಲ್ಲು ಬಿಡಬ್ಯಾಡ್ರಿ. ಆದ್ರ ಅಜ್ಜಾರು ಹೆಸರು ಹೇಳಬೇಕು" ಅಂದ್ರು. ಮಾಸ್ತರು ವೀಳ್ಯ ಎರಡೂ ಕೈಯಾಗ ಹಿಡದು ಹಣಿಗೆ ಒತ್ತಿಕೊಂಡ್ರು. ಭಾಳೊತ್ತು ಕೈ ಇಳಸಲಿಲ್ಲ. ನಾವೆಲ್ಲ ಬ್ಯಾರೆ ಕಡೆ ನೋಡಿದ್ವಿ.

ದೇಶನೂರಿನಾಗ ಮಂದಿ ಅಂದ್ರ ಮಂದಿ. ಮಾಸ್ತರು ಶ್ಯಾಣ್ಯಾರು, ಹೆಸರು ಹೇಳೋದನ್ನ ಮಂಗಳಕ್ಕಿಂತ ಮೊದಲು ಅಂತ ಕಡೀಗೆ ಇಟ್ಟಿದ್ರು. ಅದಕ್ಕ ಒಬ್ಬರೂ ಎದ್ದು ಹೋಗಲಿಲ್ಲ. ಗಣಪತಿ ಸ್ತುತಿ ಪೂರ್ತಿ ಕೇಳಿದ್ರು. ರಾಜ ಬಂದ, ಮೀಸಿ ತಿರುವಿದ, ಸಿಳ್ಳಿ ಹಾಕಿದ್ರು. ನನ್ನ ಮಾರಿಗೆ ಧೂಳಿಲ್ಲ, ನಾನು ಬೆಳ್ಳಗ ಚಂದ ಕಂಡೆನಂತ. ರಾಕ್ಷಸ ಎಷ್ಟೋ ದಿನದ ಮ್ಯಾಲ ಮನಸಾರೆ ಸತ್ತ. ಸತ್ತ ಮ್ಯಾಲ ಚಪ್ಪಾಳಿಗೆ ಎದ್ದು ಕೈ ಮುಗಿದು ಮತ್ತ ಸತ್ತ.

ಮೂಡಣ ಕೆಂಪಾಗೋ ಹೊತ್ತಿಗೆ ಮಾಸ್ತರು ಮುಂದ ಬಂದ್ರು. ಸಾರಥಿ ಕೇಳಿದ. ಈ ಸಲ ಯಾವ ಸೈಟೂ ಇಲ್ಲ, ಯಾವ ಕತ್ತರಿನೂ ಇಲ್ಲ. ಗುರುವಿನ ಗುರುವಿನ ಗುರುವಿನಿಂದ ಇಳ್ಕೋತ ಇಳ್ಕೋತ ಬಂದ್ರು. ಗದ್ದದ ಮ್ಯಾಲ ನೀರು ಇಳೀತಿತ್ತು. "ಎನ್ನ ನಾಮಾಂಕಿತವೇನೆಂದರೆ..." ಅಂದ್ರು. ಬಯಲಿಗೆ ಬಯಲೇ ಮುಂದಕ್ಕ ಬಾಗಿತು.

ಅಷ್ಟರಾಗ ವೀಳ್ಯ ತಂದಿದ್ದ ಹಿರೇರಾಗ ಒಬ್ಬರು ಎದ್ದು ಕ್ಯಾಮೆರಾ ಹತ್ರ ಬಂದು ನನ್ನ ಹೆಂಡ್ತಿಗೆ ಅಂದ್ರು: "ತಂಗೀ, ಇದನ್ನ ಆಫ್ ಮಾಡವ್ವ."

"ಯಾಕ್ರಿ ಯಜಮಾನ್ರ? ಮಂದಿ ಕಾಯಾಕತ್ತಾರ."

"ಕಾಯ್ಲಿ! ನಾವು ವೀಳ್ಯ ಕೊಟ್ಟು ಕೇಳಾಕತ್ತೀವಿ. ಬ್ಯಾರೆ ಊರಾವ್ರು ಬಿಟ್ಟಿ ಕೇಳಬೇಕೇನು?"

ಆಕಿ ಆಫ್ ಮಾಡಿದ್ಲು. ಮಾಸ್ತರು ಹೇಳಿದ್ರು. ದೇಶನೂರು ಎದ್ದು ನಿಂತು ಕೂಗಿದ್ದು ಹೊಳಿ ತನಕ ಕೇಳಿರಬೇಕು.

ಆ ಊರಾವ್ರ ಉಪಕಾರ ನಾನು ಮರಿಯಂಗಿಲ್ಲ. ಒಬ್ಬರೂ ಹೆಸರು ಬಾಯಿ ಬಿಡಲಿಲ್ಲ. ಬ್ಯಾರೆ ಊರಾವ್ರು ಸಂತ್ಯಾಗ ಕೇಳಿ ನೋಡಿದ್ರು, ಅಕ್ಕಿ ಗಿರಣಿಯಾಗ ಕೇಳಿ ನೋಡಿದ್ರು, ಇಲ್ಲ. ದೇಶನೂರಿನ ಒಬ್ಬಾಕಿ ಹೆಣ್ಮಗಳನ್ನ ರೂಪನಗುಡಿಗೆ ಕೊಟ್ಟಿದ್ರು. ಆಟಕ್ಕಂತ ತವರಿಗೆ ಬಂದು ಹೆಸರು ಕೇಳಿಸ್ಕೊಂಡು ಹೋಗಿದ್ಲು. ಗಂಡ ಊಟ ಬಿಟ್ಟು ಕುಂತ, ಅತ್ತಿ ಬೈದು ನೋಡಿದ್ಲು, ಓಣಿಗೆ ಓಣಿನ ಬಂದು ಗೋಗರೆದ್ರೂ ಆಕಿ ತುಟಿ ಪಿಟಕ್ ಅನ್ನಲಿಲ್ಲ. ಕಡೀಗೆ ಗಂಡನ ಮುಂದ ಅನ್ನದ ತಾಟು ಕುಕ್ಕಿ ಅಂದ್ಲಂತ: "ಅಷ್ಟು ಬೇಕಿದ್ರ ನಿಮ್ಮೂರಾವ್ರಿಗೆ ಒಂದು ವೀಳ್ಯ ಕೊಡಾಕ ಏನು ಧಾಡಿ?"

ಯುಗಾದಿ ಮರುದಿನ ರೂಪನಗುಡಿಯಾವ್ರು ಎಲಿ ಅಡಿಕಿ ಹಿಡಕೊಂಡು ಮಾಸ್ತರ ಮನಿ ಬಾಗಿಲಾಗ ನಿಂತಿದ್ರು. ಎಲ್ಲಾರಿಗಿಂತ ಮುಂದ ನಿಂತಾವ ಆಕಿ ಗಂಡ.